ಮಂಚದ ಕೆಳಗಿನ ಬಾಟಲಿ

ಒಂಬತ್ತು ದಿನ ನನಗೆ ಉಚ್ಚೆ ಬರಲಿಲ್ಲ. ಇಷ್ಟು ಸಣ್ಣ ಮಾತನ್ನು ಇಷ್ಟು ನೇರವಾಗಿ ಬರೆಯಲು ಹತ್ತು ವರ್ಷ ಹಿಡಿಯಿತು. ಕೇಳಿದವರಿಗೆ ಆ ಹೊತ್ತಿಗೇ ಬಾಯಿಬಿಟ್ಟು ಹೇಳಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಈಗಲೂ ನಮ್ಮವರು, ಅಂದರೆ ನನ್ನ ಯಜಮಾನರು, ಮೊದಲ ಸಾಲನ್ನು ಓದಿ ಕನ್ನಡಕ ತೆಗೆದಿಟ್ಟು, "ಬೇರೆ ಹೇಗಾದರೂ ಶುರು ಮಾಡಬಾರದಾ?" ಎಂದು ಕೇಳಿದರು. ಬೇರೆ ಹೇಗೂ ಶುರು ಮಾಡಲು ಬರುವುದಿಲ್ಲ ಎಂದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರು ನಾಲ್ಕು ವರ್ಷವಾಗಿತ್ತು. ನಮ್ಮದು ಭಾಗಮಂಡಲದ ಕಡೆಯ ಹಳ್ಳಿ. ಸ್ವಲ್ಪ ಕಾಫಿ, ಅದಕ್ಕಿಂತ ಹೆಚ್ಚು ಏಲಕ್ಕಿ. ಏಲಕ್ಕಿ ಒಣಗಿಸುವ ಮನೆಯ ಕೆಲಸ ನನ್ನದು. ಮಣ್ಣಿನ ಗೋಡೆ, ಒಂದೇ ಬಾಗಿಲು, ಕೆಳಗೆ ದಪ್ಪ ಸೌದೆಯ ಬೆಂಕಿ, ಮೇಲೆ ಬಿದಿರಿನ ತಟ್ಟಿಯಲ್ಲಿ ಹಸಿ ಕಾಯಿ. ಬೆಂಕಿ ಹೆಚ್ಚಾದರೆ ಕಾಯಿ ಒಡೆಯುತ್ತದೆ, ಕಡಿಮೆಯಾದರೆ ಬಣ್ಣ ಹೋಗುತ್ತದೆ. ಆದ್ದರಿಂದ ಅಲ್ಲೇ ಕೂತು ನೋಡಿಕೊಳ್ಳಬೇಕು. ತವರಿನಲ್ಲೂ ಅದೇ ಕೆಲಸ ಮಾಡಿದ್ದೆ. ನಲವತ್ತೆರಡನೆಯ ವಯಸ್ಸಿಗೆ ನನ್ನ ಎದೆಯಲ್ಲಿ ಮೂವತ್ತು ವರ್ಷದ ಹೊಗೆ ಇತ್ತು. ಚಳಿ ಬಂತೆಂದರೆ ಉಬ್ಬಸ. ಗುಡ್ಡ ಹತ್ತುವಾಗ ಎಲ್ಲರಿಗಿಂತ ಹಿಂದೆ. ನನ್ನ ಕೆಮ್ಮು ಕೇಳಿಯೇ ನಾಯಿ ಬಾಲ ಅಲ್ಲಾಡಿಸುತ್ತಿತ್ತು.

ಆ ವರ್ಷ ಕಾವೇರಿ ಸಂಕ್ರಮಣ ಕಳೆದು ಎರಡು ವಾರಕ್ಕೆ ಜ್ವರ ಹಿಡಿಯಿತು. ಮೈ ಕೈ ನೋವಿಗೆಂದು ಅಂಗಡಿಯಿಂದ ತರಿಸಿದ ಮಾತ್ರೆಯನ್ನು ದಿನಕ್ಕೆ ಮೂರು, ನಾಲ್ಕು ನುಂಗಿ ಕೆಲಸ ಮಾಡಿದೆ. ಐದನೆಯ ದಿನ, ಸೋಮವಾರ, ಮಾತು ಮುಗಿಸುವಷ್ಟು ಉಸಿರು ಸಿಗಲಿಲ್ಲ. ಉಗುರು ನೇರಳೆ ಬಣ್ಣಕ್ಕೆ ತಿರುಗಿತು. ಪಕ್ಕದ ತೋಟದವರ ಜೀಪಿನಲ್ಲಿ ಮಡಿಕೇರಿಗೆ ಹೊರಟೆವು. ಜೊತೆಗೆ ನಮ್ಮವರು, ಅವರ ಅಕ್ಕ ಪೂವತ್ತಿಗೆ. ಅತ್ತಿಗೆ ಬೇಗ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮನೆ ಅವರ ಕಣ್ಣಳತೆಯಲ್ಲಿ ನಡೆಯುತ್ತಿತ್ತು. ಹೊರಡುವಾಗ ಹನ್ನೊಂದು ವರ್ಷದ ಮಗಳು ಕಮಲ ಚೊಂಬಿನಲ್ಲಿ ನೀರು ಹಿಡಿದು ಬಂದಳು. ಅತ್ತಿಗೆ ಅದನ್ನು ಪಕ್ಕಕ್ಕೆ ಸರಿಸಿದರು.

"ಈಗ ಕುಡಿದ್ರೆ ದಾರಿಲಿ ಎಂತ ಮಾಡಿಕೆ ಆದೆ? ಬೊಡ."

ಅವರು ಬೇಡವೆಂದದ್ದು ನನಗೂ ಸರಿಯೆಂದೇ ಕಂಡಿತು. ನಮ್ಮ ಹೆಂಗಸರೆಲ್ಲ ಹಾಗೇ ಬೆಳೆದವರು. ಮದುವೆಗೆ ಹೋಗುವ ದಿನ, ಸಂತೆಗೆ ಹೋಗುವ ದಿನ, ಬಸ್ಸು ಹತ್ತುವ ದಿನ ಬೆಳಗಿನಿಂದಲೇ ನೀರು ಬಿಡುತ್ತಿದ್ದೆವು. ಮನೆಗೆ ಮರಳಿ ಚಪ್ಪಲಿ ಬಿಟ್ಟ ಮೇಲೆ ಒಂದು ಚೊಂಬು ಗಟಗಟ ಕುಡಿಯುವುದು. ಹೀಗೆ ತಡೆದುಕೊಳ್ಳುವುದನ್ನು ನನಗೆ ಕಲಿಸಿದ್ದು ಅಮ್ಮ. ನಾನು ಅದನ್ನು ಕಮಲಳಿಗೂ ಕಲಿಸಿಯಾಗಿತ್ತು.

ಆಸ್ಪತ್ರೆಯ ಹೆಸರು ಬೇಡ, ಅವರ ತಪ್ಪೇನೂ ಇಲ್ಲ. ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ಮಂಚ, ಇಡೀ ವಾರ್ಡಿಗೆ ಒಂದೇ ಪರದೆ. ಪಾಯಿಖಾನೆ ಅಂಗಳದಾಚೆ, ಹನ್ನೆರಡು ಮೆಟ್ಟಿಲು ಕೆಳಗೆ. ನನಗೆ ಮಂಚದಿಂದ ಬಾಗಿಲಿಗೆ ಹೋಗುವಷ್ಟೂ ದಮ್ಮಿರಲಿಲ್ಲ. ಮೂಗಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಆಮ್ಲಜನಕ ಕೊಟ್ಟರು. ಆಯಾ ಒಂದು ತಗಡಿನ ಬೋಗುಣಿ ತಂದು, ಹಳೆಯ ಪತ್ರಿಕೆಯ ಹಾಳೆ ಮುಚ್ಚಿ ಮಂಚದ ಕೆಳಗಿಟ್ಟು, ಬೇಕಾದಾಗ ಕರೆಯಿರಿ ಎಂದು ಹೇಳಿ ಹೋದಳು. ನಾನು ಸುತ್ತ ನೋಡಿದೆ. ಎದುರಿನ ಮಂಚದವಳ ಗಂಡ, ಮಾವ, ಇಬ್ಬರು ತಮ್ಮಂದಿರು ಸಾಲಾಗಿ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಗಂಡಸ್ರು ತಿರ್ಗುವ ಜಾಗಲಿ ಆದಿಲ್ಲೆ. ರಜ ತಡ್ಕ ದೇವಕಿ," ಎಂದರು ಅತ್ತಿಗೆ. ಹೀಗೆ ಸ್ವಲ್ಪ ತಡೆದುಕೊಳ್ಳುವುದಕ್ಕೆ, ನೀರು ಕುಡಿದರೆ ಕಫ ಏರುತ್ತದೆ ಎಂಬ ಇನ್ನೊಂದು ಕಾರಣವೂ ಅವರ ಬಳಿ ಇತ್ತು. ತುಟಿ ಒದ್ದೆಯಾಗುವಷ್ಟು ಕೊಡುತ್ತಿದ್ದರು, ನಾನೂ ಅಷ್ಟೇ ಸಾಕೆನ್ನುತ್ತಿದ್ದೆ.

ಅಲ್ಲಿನ ಸಿಸ್ಟರ್ ಮರಿಯಮ್ಮ ಮಲಯಾಳಿ. ಬೆಳಿಗ್ಗೆ ಸಂಜೆ ಹಾಳೆ ಹಿಡಿದು ಬಂದು ಎಲ್ಲರನ್ನೂ ಕೇಳುತ್ತಿದ್ದರು, "ಒಂದಕ್ಕೆ ಆಯಿತಾ?" ದನಿಯೂ ತಗ್ಗಿಸುತ್ತಿರಲಿಲ್ಲ. ಸೋಮವಾರ ಸಂಜೆ ನನ್ನ ಬಳಿ ಬಂದು ಕೇಳಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಅತ್ತಿಗೆ ಗೋಡೆ ನೋಡುತ್ತಾ ಹೇಳಿದರು, "ಆತ್ ಆತ್." ಸಿಸ್ಟರ್ ಗುರುತು ಹಾಕಿಕೊಂಡರು. ಮಂಗಳವಾರ ಎರಡು ಸಲ, ಬುಧವಾರ ಎರಡು ಸಲ ಅದೇ ಪ್ರಶ್ನೆ, ಅದೇ ಉತ್ತರ. ಆ ಪೀಡೆ ಹಾಗೆ ತೊಲಗಿತಲ್ಲ ಎಂದು ನನಗೆ ಸಮಾಧಾನವೇ ಆಗುತ್ತಿತ್ತು.

ಇಂಜೆಕ್ಷನ್ನುಗಳಿಂದ ಬುಧವಾರದ ಹೊತ್ತಿಗೆ ಉಸಿರು ಸಡಿಲವಾಯಿತು. ನಮ್ಮವರು ಎರಡು ದಿನದಲ್ಲಿ ಮೊದಲ ಸಲ ವರಾಂಡದ ಬೆಂಚಿನಿಂದೆದ್ದು ಹೋಟೆಲಿನಲ್ಲಿ ಊಟ ಮಾಡಿ ಬಂದರು. ಆದರೆ ನನಗೆ ಬೇರೆಯೇ ಒಂದು ಶುರುವಾಗಿತ್ತು. ಹೊಟ್ಟೆ ತೊಳಸುತ್ತಿತ್ತು. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ. ಬಾಯಲ್ಲಿ ತಾಮ್ರದ ಚೆಂಬು ನೆಕ್ಕಿದ ರುಚಿ. ಕೈಬಳೆ ಮಣಿಕಟ್ಟಿಗೆ ಕಚ್ಚಿಕೊಂಡಿತ್ತು. ಅತ್ತಿಗೆ ನನ್ನ ಮುಖ ನೋಡಿ, "ಆಸ್ಪತ್ರೆ ಮದ್ದ್ ಹಿಡಿದುಟ್ಟು, ಮೈ ತುಂಬಿಕೊಂಡುಟ್ಟು," ಎಂದು ಸಂತೋಷಪಟ್ಟರು. ಅದು ಬಾವು ಎಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಡಾಕ್ಟರು ಬಂದರು. ಮೈಸೂರಿನ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಹುಡುಗುಮುಖದವರು. ನನ್ನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಕಾಲಿನ ಮೇಲೆ ಒತ್ತಿದರು, ಗುಳಿ ಹಾಗೇ ನಿಂತಿತು.

"ಇವರಿಗೆ ಮೂತ್ರ ಸರಿಯಾಗಿ ಹೋಗ್ತಾ ಇದೆಯೇನಮ್ಮ?"

"ಹೂಂ. ಆತ್," ಎಂದರು ಅತ್ತಿಗೆ, ಗೋಡೆಗೆ.

"ಇವತ್ತು ಎಷ್ಟು ಸಲ?"

"ಎರಡ್ ಸರ್ತಿ."

ಡಾಕ್ಟರು ಬಗ್ಗಿ ಮಂಚದ ಕೆಳಗಿನ ಬೋಗುಣಿಯನ್ನು ಹೊರಗೆಳೆದರು. ಸೋಮವಾರ ಆಯಾ ಮುಚ್ಚಿದ್ದ ಹಾಳೆ, ಅದೇ ಮಡಿಕೆಯಲ್ಲಿ, ಮೇಲೆ ತೆಳ್ಳಗೆ ಧೂಳು ಹೊತ್ತು ಕೂತಿತ್ತು. ಅವರು ಅದನ್ನೆತ್ತಿದರು. ಒಳಗೆ ತಗಡು ಒಣಗಿ ಹೊಳೆಯುತ್ತಿತ್ತು. ಡಾಕ್ಟರು ನನ್ನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರ ಮುಖದ ಬಣ್ಣ ಇಳಿಯಿತು. ಅದನ್ನು ನೋಡಿದಾಗ ನನಗೆ ಮೊದಲ ಸಲ ಸಾವಿನ ಭಯವಾಯಿತು.

ಪರದೆ ಎಳೆದರು. ರಬ್ಬರ್ ನಳಿಗೆ ಹಾಕಿದರು. ಆ ಹೊತ್ತಿನ ನಾಚಿಕೆಯನ್ನು ಬರೆಯುವುದಿಲ್ಲ, ಬಹಳ ದೊಡ್ಡದೆಂದುಕೊಂಡಿದ್ದೆ, ಎರಡು ನಿಮಿಷದಲ್ಲಿ ಮುಗಿಯಿತು. ಬಂದದ್ದು ಎರಡು ಚಮಚೆ, ಹಾಲು ಹಾಕದ ಕಾಫಿಯ ಬಣ್ಣ. ಸಿಸ್ಟರ್ ನಳಿಗೆಯ ತುದಿಯನ್ನು ಒಂದು ಗಾಜಿನ ಬಾಟಲಿಗೆ ಸೇರಿಸಿ ಮಂಚದ ಕಾಲಿಗೆ ಕಟ್ಟಿದರು. ಬಾಟಲಿಯ ಮೈಗೆ ಗಾಯದ ಪಟ್ಟಿ ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಗೆರೆಗಳನ್ನು ಎಳೆದರು.

ಡಾಕ್ಟರು ವರಾಂಡದಲ್ಲಿ ನಮ್ಮವರ ಜೊತೆ ಮಾತಾಡುತ್ತಿದ್ದುದು ಕಿಟಕಿಯಿಂದ ನನಗೆ ಕೇಳುತ್ತಿತ್ತು. ಎದೆಯ ಸೋಂಕು, ಉಸಿರಿನ ಕೊರತೆ, ಆ ನೋವಿನ ಮಾತ್ರೆ, ಮೇಲೆ ನೀರಿಲ್ಲ. ಕಿಡ್ನಿ ಎರಡೂ ಕೆಲಸ ನಿಲ್ಲಿಸಿವೆ.

"ಶ್ವಾಸಕೋಶ ಸುಧಾರಿಸ್ತಾ ಇತ್ತು. ಸೋಮವಾರವೇ ಗೊತ್ತಾಗಿದ್ರೆ ಎರಡು ಬಾಟ್ಲು ಗ್ಲೂಕೋಸ್‌ನಲ್ಲಿ ಸರಿಹೋಗ್ತಿತ್ತೇನೋ. ಈಗ ನೀರು ಕೊಟ್ರೂ ಕಷ್ಟ. ಹೊರಗೆ ಹೋಗೋ ದಾರಿಯಿಲ್ಲ, ಎದೆಯಲ್ಲೇ ನಿಲ್ಲುತ್ತೆ."

"ಮೈಸೂರಿಗೆ ಕರಕೊಂಡು ಹೋಗಲಾ ಸ್ವಾಮಿ?"

"ರಕ್ತ ಶುದ್ಧಿ ಮಾಡೋ ಯಂತ್ರ ಅಲ್ಲೂ ಇಲ್ಲ. ಮದರಾಸಿನ ಕಡೆ ಎಲ್ಲೋ ಬಂದಿದೆ ಅಂತ ಕೇಳಿದ್ದೀನಿ. ಅಲ್ಲೀ ತನಕ ಇವರು ತಾಳಲ್ಲ. ಕಾಯೋಣ. ಕಿಡ್ನಿ ಸತ್ತಿಲ್ಲ, ಮೂರ್ಛೆ ಹೋಗಿದೆ ಅಂದ್ಕೊಳ್ಳಿ. ಒಂದು ವಾರದೊಳಗೆ ತಾನಾಗಿ ಎದ್ರೆ ಉಳೀತಾರೆ."

ಏಳದಿದ್ದರೆ ಎಂದು ನಮ್ಮವರು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, "ಏನೂ ಇಲ್ಲ, ಸ್ವಲ್ಪ ಪಥ್ಯ ಮಾಡಬೇಕಂತೆ," ಎಂದರು. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಾಗುತ್ತದೆ.

ಆ ಪಥ್ಯವನ್ನು ಶತ್ರುವಿಗೂ ಬೇಡ ಎನ್ನುತ್ತೇನೆ. ಉಪ್ಪಿಲ್ಲ, ಬೇಳೆಯಿಲ್ಲ, ಹಣ್ಣಿಲ್ಲ. ಬೆಣ್ಣೆಗೆ ಸಕ್ಕರೆ ಕಲಸಿ ಉಂಡೆ ಮಾಡಿ ಕೊಡುತ್ತಿದ್ದರು. ಮೊದಲ ದಿನ ಕೃಷ್ಣಾಷ್ಟಮಿ ಎಂದು ತಮಾಷೆ ಮಾಡಿದೆ, ಎರಡನೆಯ ದಿನದಿಂದ ಅದನ್ನು ಕಂಡರೆ ವಾಕರಿಕೆ. ನೀರು ಇಡೀ ದಿನಕ್ಕೆ ಎರಡು ಲೋಟ, ಜೊತೆಗೆ ಹಿಂದಿನ ದಿನ ಬಾಟಲಿಗೆ ಎಷ್ಟು ಬಿತ್ತೋ ಅಷ್ಟು. ಬಾಟಲಿಗೆ ಬೀಳುತ್ತಿದ್ದುದು ಮೊದಲ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ನಾಲ್ಕು ದಿನ ಬೇಡವೆಂದು ದೂರ ತಳ್ಳಿದ ನೀರಿಗಾಗಿ ಈಗ ಜೀವ ಹೋಗುತ್ತಿತ್ತು. ಆಯಾ ನೆಲ ಒರೆಸಲು ಬಕೆಟ್ಟು ತಂದಿಟ್ಟರೆ ಅದನ್ನೇ ನೋಡುತ್ತಿದ್ದೆ. ಕಾವೇರಿ ಹುಟ್ಟುವ ಊರಿನ ಪಕ್ಕದವಳು ನಾನು. ಸಿಸ್ಟರ್ ಮರಿಯಮ್ಮ ಪುರುಸೊತ್ತಾದಾಗಲೆಲ್ಲ ಬಂದು ಹತ್ತಿಯುಂಡೆ ಅದ್ದಿ ನನ್ನ ನಾಲಿಗೆಗೆ ಸವರುತ್ತಿದ್ದರು. "ನುಂಗಬೇಡ ಅಮ್ಮ, ಸುಮ್ಮನೆ ರುಚಿ ನೋಡು." ಆ ಹತ್ತಿಯುಂಡೆಯ ಉಪಕಾರವನ್ನು ನಾನು ಯಾವ ದೇವರ ಲೆಕ್ಕಕ್ಕೂ ಹಾಕುವುದಿಲ್ಲ, ಅದು ಅವರದೇ.

ಅತ್ತಿಗೆ ಮೊದಲ ದಿನ ಬಾಟಲಿಯ ಮೇಲೆ ತಮ್ಮ ಟವಲ್ಲು ಹೊದಿಸಿದ್ದರು. ಬಂದು ಹೋಗುವವರ ಕಣ್ಣಿಗೆ ಬೀಳಬಾರದು ಎಂದು. ಸಿಸ್ಟರ್ ಅದನ್ನು ಎಳೆದು ಅವರ ಕೈಗೆ ಕೊಟ್ಟು, "ಮುಚ್ಚಿ ಮುಚ್ಚಿಯೇ ಇಲ್ಲಿಗೆ ಬಂತಲ್ಲ ದೊಡ್ಡಮ್ಮ," ಎಂದರು. ಅತ್ತಿಗೆ ಟವಲ್ಲನ್ನು ಮಡಚಿ ಚೀಲಕ್ಕೆ ಹಾಕಿದರು. ಯಾರ ಮಾತನ್ನೂ ಬಾಕಿ ಇಟ್ಟುಕೊಳ್ಳದ ಹೆಂಗಸು ಅವರು. ಆಮೇಲೆ ಅವರು ಮಂಚದ ಮೇಲೆ ನನ್ನ ತಲೆಯ ಬಳಿ ಕೂರುವುದನ್ನು ಬಿಟ್ಟು, ನೆಲದ ಮೇಲೆ ಬಾಟಲಿಯ ಬಳಿ ಕೂರತೊಡಗಿದರು.

ಶುಕ್ರವಾರ ಗೆರೆ ಮುಟ್ಟಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ನೆಂಟರು ಬಂದರು. ಬದುಕಿರುವವಳನ್ನು ನೋಡಲು ಬಂದವರ ಮುಖವಲ್ಲ ಅದು. ದೊಡ್ಡ ಮಾವನವರು ಟೋಪಿಯನ್ನು ಎದೆಗೊತ್ತಿಕೊಂಡು, "ಮಗುವನ್ನು ನಾವು ನೋಡಿಕೊಳ್ತೇವೆ, ನೀ ಯೋಚನೆ ಮಾಡಬೇಡ," ಎಂದರು. ಯೋಚನೆ ಶುರುವಾದದ್ದೇ ಆಗ. ಕಮಲಳ ಉದ್ದ ಕೂದಲಿಗೆ ಸಿಕ್ಕು ಬೇಗ. ತುದಿಯಿಂದ ಬಿಡಿಸುತ್ತಾ ಬರಬೇಕು, ಇಲ್ಲದಿದ್ದರೆ ಅಳುತ್ತಾಳೆ. ಅದನ್ನು ಇವರಲ್ಲಿ ಯಾರಿಗೆ ಹೇಳಲಿ? ಗೋಡೆಯ ಕಡೆ ತಿರುಗಿ ಅತ್ತೆ. ಕಣ್ಣೀರು ಮಾತ್ರ ಬೇಕಾದಷ್ಟು ಬಂತು.

ಸೋಮವಾರ ನನಗೆ ಮಂಪರು. ಯಾರೋ ಕೂಗಿದರೆ ಬಾವಿಯ ಮೇಲಿನಿಂದ ಕೂಗಿದ ಹಾಗೆ ಕೇಳುತ್ತಿತ್ತು. ಇನ್ನು ಎರಡು ದಿನ ನೋಡೋಣ ಎಂದು ಡಾಕ್ಟರು ಹೇಳಿದ್ದು ಕೇಳಿಸಿತು, ಹೇಳುವಾಗ ಅವರ ದನಿಯಲ್ಲಿ ಜೋರಿರಲಿಲ್ಲ.

ಮಂಗಳವಾರ ಮಧ್ಯಾಹ್ನ ನಮ್ಮವರು ಬಂದರು. ಕೈಯಲ್ಲಿ ಗೋಣಿಚೀಲ. ಬೆಳಗಿನ ಬಸ್ಸಿಗೆ ಘಟ್ಟ ಇಳಿದು ಸಂಪಾಜೆಗೆ ಹೋಗಿ ಆರು ಎಳನೀರು ತಂದಿದ್ದರು. ಉಚ್ಚೆ ಕಟ್ಟಿದವರಿಗೆ ಎಳನೀರು ಕೊಟ್ಟರೆ ಸಲೀಸಾಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಒಂದು ವಾರದಿಂದ ಬೆಂಚಿನ ಮೇಲೆ ಕೂತ ಗಂಡಸಿಗೆ ಏನಾದರೂ ಮಾಡಲೇಬೇಕೆನಿಸಿತ್ತು. ಕೆತ್ತಿಸಿಕೊಂಡೇ ಬಂದಿದ್ದ ಒಂದನ್ನು ಎತ್ತಿ, ನನ್ನ ಕತ್ತಿನ ಹಿಂದೆ ಕೈಯಿಟ್ಟು ಎಬ್ಬಿಸಿದರು. ಆ ತಣ್ಣನೆಯ ಸಿಹಿ ವಾಸನೆ ಮೂಗಿಗೆ ಬಂದಾಗ ನಾನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡೆ. ತುಟಿಗೆ ಒಂದು ಬೆರಳು ದೂರವಿತ್ತು.

ಅತ್ತಿಗೆ ನೆಲದಿಂದೆದ್ದು ಅದನ್ನು ಕಿತ್ತುಕೊಂಡರು. ಅರ್ಧ ನನ್ನ ಮೈಮೇಲೆ ಚೆಲ್ಲಿತು.

"ಅಕ್ಕ! ಡಾಕ್ಟ್ರಿಗೆ ಎಂತ ಗೊತ್ತುಟ್ಟು? ಎಂಟ್ ದಿನ ಆತ್. ಸಾಯಿಕೆ ಬಿಡಿಯಾ?"

"ಡಾಕ್ಟ್ರು ಬೊಡ ಹೇಳಿಯೊಳೊ. ಎಳ್ನೀರ್ ಎದೆ ನಿಲ್ಸಿಬುಟ್ಟದೆ ಹೇಳಿಯೊಳೊ. ನಾ ಕೊಡಿಕೆ ಬಿಡುದಿಲ್ಲೆ."

"ಅತ್ತಿಗೆ, ಒಂದು ಗುಟುಕು," ಎಂದೆ. ಬೇಡಿದೆ. ಕಾಲು ಹಿಡಿಯುತ್ತೇನೆ ಎಂದೆ. ಸಾಯುವುದಾದರೆ ಕುಡಿದೇ ಸಾಯುತ್ತೇನೆ ಎಂದೆ. ನಮ್ಮವರು ಚೀಲಕ್ಕೆ ಮತ್ತೆ ಕೈ ಹಾಕಿದರು. ಅತ್ತಿಗೆ ಆ ಚೀಲದ ಮೇಲೆ ಕಾಲಿಟ್ಟು ನಿಂತರು.

"ಕೇಳ್ ತಮ್ಮ. ಮೂರ್ ದಿನ ನಾ ಸುಳ್ಳ್ ಹೇಳ್ದೆ. ಆ ಸಿಸ್ಟರ್ ಕೇಳ್ದಾಗೆಲ್ಲ ಆತ್ ಆತ್ ಹೇಳ್ದೆ. ನಂಗೆ ನಾಚಿಕೆ. ಅಷ್ಟಕ್ಕೆ ದೇವಕಿ ಹಿಂಗೆ ಬಿದ್ದದ್. ಇನ್ನ್ ಒಂದ್ ತಪ್ಪು ನನ್ನ ಕೈಲಿ ಮಾಡ್ಸಿಕೆ ಬೊಡ."

ಇಡೀ ವಾರ್ಡು ಕೇಳುತ್ತಿತ್ತು. ನಮ್ಮವರಿಗೆ ಇದು ಗೊತ್ತಿರಲಿಲ್ಲ. ಡಾಕ್ಟರಾಗಲಿ ನಾನಾಗಲಿ ಹೇಳಿರಲಿಲ್ಲ. ಅವರು ಅಕ್ಕನನ್ನೇ ನೋಡುತ್ತಾ ನಿಂತರು, ಆಮೇಲೆ ಹೊರಗೆ ಹೋದರು. ಅತ್ತಿಗೆ ಎಳನೀರುಗಳನ್ನು ಒಂದೊಂದಾಗಿ ಒಯ್ದು ಬೇರೆ ಮಂಚಗಳವರಿಗೆ ಹಂಚಿ ಬಂದು ನನ್ನ ಒದ್ದೆ ರವಿಕೆ ಬದಲಿಸಿದರು. ನಾನು ಅವರಿಗೆ ಕೆಟ್ಟ ಮಾತುಗಳನ್ನು ಆಡಿದೆ, ಯಾವುವೆಂದು ನನಗೆ ಚೆನ್ನಾಗಿ ನೆನಪಿದೆ. ಅವರು ಮರೆತಿದ್ದೇನೆ ಎನ್ನುತ್ತಾರೆ.

ಬುಧವಾರ ಬೆಳಿಗ್ಗೆ. ಡಾಕ್ಟರು ಹೇಳಿದ ಎರಡು ದಿನದಲ್ಲಿ ಎರಡನೆಯದು. ರೋಗಿಗಳನ್ನು ನೋಡಲು ಬಿಡುವ ಹೊತ್ತು, ವಾರ್ಡಿನ ತುಂಬ ಗಂಡಸರು. ವರಾಂಡದಲ್ಲಿ ನಮ್ಮವರು, ದೊಡ್ಡ ಮಾವನವರು, ಇನ್ನೂ ನಾಲ್ಕು ಜನ ನೆಂಟರು ತಲೆತಗ್ಗಿಸಿ ಕೂತಿದ್ದರು. ನಾನು ಅರೆ ಎಚ್ಚರದಲ್ಲಿದ್ದೆ. ಮಂಚದ ಕೆಳಗಿನಿಂದ ಅತ್ತಿಗೆಯ ಉಸಿರು ಜೋರಾದದ್ದು ಕೇಳಿಸಿತು. ಆಮೇಲೆ ಅವರ ಬೆರಳು ನಳಿಗೆಯನ್ನು ಮೆಲ್ಲಗೆ ತಟ್ಟಿದ್ದು. ಆಮೇಲೆ ಏನೂ ಇಲ್ಲ, ಬಹಳ ಹೊತ್ತು. ನಾನು ಕಣ್ಣು ತೆರೆದಾಗ ಅತ್ತಿಗೆ ಎದ್ದು ನಿಂತಿದ್ದರು. ಸೆರಗು ಹೆಗಲಿನಿಂದ ಜಾರಿತ್ತು, ಅವರಿಗೆ ಅದರ ಅರಿವಿರಲಿಲ್ಲ.

"ಬಾತ್!" ಎಂದರು. ನಂತರ ಬಾಗಿಲಿಗೆ ಓಡಿದರು. ಅರವತ್ತು ಸಮೀಪಿಸಿದ ಹೆಂಗಸು, ಗಂಡಸರೆದುರು ಕೆಮ್ಮಲೂ ಹಿಂಜರಿಯುತ್ತಿದ್ದವರು, ವರಾಂಡದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದರು, "ಡಾಕ್ಟ್ರೇ! ತಮ್ಮಾ! ದೇವಕಿಗೆ ಉಚ್ಚೆ ಬಾತ್! ಎರಡ್ ಗೆರೆ ದಾಟ್ತ್! ಉಚ್ಚೆ ಬಾತ್!"

ಡಾಕ್ಟರು ಕುತ್ತಿಗೆಯಲ್ಲಿ ಸ್ಟೆತಸ್ಕೋಪು ಅಲ್ಲಾಡಿಸುತ್ತಾ ಓಡಿ ಬಂದರು. ಬಗ್ಗಿ ಬಾಟಲಿಯನ್ನು ಬೆಳಕಿಗೆ ಹಿಡಿದರು. ತಿಳಿ ಹಳದಿ. ಹೊರಗೆ ನಮ್ಮವರು ದೊಡ್ಡ ಮಾವನವರ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದುದು ಕಿಟಕಿಯಿಂದ ನನಗೆ ಕಂಡಿತು. ಮರುದಿನ ಬಾಟಲಿ ತುಂಬಿತು, ಅದರ ಮರುದಿನ ಎರಡು ಬಾಟಲಿ, ಮೂರು ಬಾಟಲಿ. ಈಗ ಕುಡಿಯಿರಿ, ಕುಡಿಯದಿದ್ದರೆ ಬೈಯುತ್ತೇನೆ ಎಂದು ಡಾಕ್ಟರು ತಾವೇ ಚೊಂಬು ಹಿಡಿದು ನಿಂತರು. ಬಿಸಿನೀರಿಗೆ ಅಷ್ಟು ರುಚಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಎದೆ ಮಾತ್ರ ಹಳೆಯದೇ. ಉಬ್ಬಸ ನನ್ನ ಜೊತೆಗೇ ಬರುತ್ತದೆ, ಎರಡು ಸಲ ಮತ್ತೆ ಆಸ್ಪತ್ರೆ ಸೇರಿದ್ದೇನೆ. ಏಲಕ್ಕಿ ಮನೆಗೆ ಈಗ ತಗಡಿನ ಹೊಗೆಕೊಳವೆ ಇದೆ, ನಾನು ಒಳಗೆ ಕೂರುವುದಿಲ್ಲ. ಪ್ರತಿ ಸಲವೂ ಮಂಚ ಸಿಕ್ಕಿದ ಕೂಡಲೇ ನಾನು ಮೊದಲು ಕೇಳುವುದು, ಬೋಗುಣಿ ಎಲ್ಲಿ, ಆಯಾ ಹೆಸರೇನು. ನನ್ನ ಹಾಗೆ ಗೋಡೆ ನೋಡುತ್ತಾ ಮಲಗಿದವಳು ಯಾರಾದರೂ ಪಕ್ಕದಲ್ಲಿದ್ದರೆ ಅವಳ ಪರವಾಗಿಯೂ ನಾನೇ ಬೋಗುಣಿ ಕೇಳುತ್ತೇನೆ. ಕೆಲವರಿಗೆ ಕೋಪ ಬರುತ್ತದೆ, ಬರಲಿ.

ಹೋದ ತಿಂಗಳು ಕಮಲಳ ಮದುವೆಯಾಯಿತು. ಚಪ್ಪರದಡಿ ಮುನ್ನೂರು ಜನ. ಬೆಳಗಿನಿಂದ ನಾನು ಓಡಾಡುತ್ತಿದ್ದೆ. ಧಾರೆಗೆ ಇನ್ನೇನು ಕೂರಬೇಕು, ಪುರೋಹಿತರು ತಂಬಿಗೆ ಎತ್ತಿದ್ದಾರೆ, ಬೀಗರೆಲ್ಲ ಮುಂದೆ ಕೂತಿದ್ದಾರೆ. ಆಚೆ ಕಂಬದ ಬಳಿಯಿಂದ ಪೂವತ್ತಿಗೆ, ಈಗ ಅವರಿಗೆ ಕಿವಿ ಸ್ವಲ್ಪ ಮಂದ, ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದರು, "ದೇವಕೀ, ಒಂದಕ್ಕೆ ಆತಾ?"

ಬೀಗರು ತಲೆ ತಗ್ಗಿಸಿದರು. ನಮ್ಮವರ ಕಿವಿ ಕೆಂಪಾಯಿತು. ಮದುಮಗಳು ನನ್ನ ಕಡೆ ನೋಡಿ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಳು.

"ಆತ್ ಅತ್ತಿಗೆ," ಎಂದು ನಾನೂ ಅಷ್ಟೇ ಜೋರಾಗಿ ಹೇಳಿದೆ, "ಎರಡ್ ಸರ್ತಿ ಆತ್."